ಒಪ್ಪಿಸಿದ ವಸ್ತುವಿನ ಹೊಣೆ

ಪರರ ಕೈಗೆ ಒಪ್ಪಿಸಿದ ವಸ್ತು ಮರಳಿ ಬಂದಾಗ ಅದನ್ನು ತಿರುಗಿಸಿ ನೋಡುವುದು ಮನುಷ್ಯಸ್ವಭಾವ. ಅಗಸನು ತಂದ ಸೀರೆಯ ಅಂಚನ್ನೂ ಅಕ್ಕಸಾಲಿಗನು ಕೊಟ್ಟ ಓಲೆಯ ತೂಕವನ್ನೂ ನೋಡದ ಗೃಹಿಣಿ ಉಂಟೆ? ಆದರೆ ಮೋಟಾರು ಕಾರಿನ ವಿಷಯದಲ್ಲಿ ಈ ಪರೀಕ್ಷೆ ಸುಲಭವಲ್ಲ. ಅದರ ಹೊಟ್ಟೆ ನೆಲದ ಕಡೆಗಿರುವುದಷ್ಟೆ. ಬಗ್ಗಿ ನೋಡುವವರು ವಿರಳ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಮೈಸೂರು ಜಿಲ್ಲೆಯ ಪಶ್ಚಿಮದಂಚಿನ ಊರು. ಕಾವೇರಿಯನ್ನು ದಾಟಿದರೆ ಕೊಡಗಿನ ಕುಶಾಲನಗರ. ಇಲ್ಲಿಯ ಗೃಹಸ್ಥರೊಬ್ಬರು ಮಳೆಗಾಲಕ್ಕೆ ಮುಂಚೆ ತಮ್ಮ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಬ್ರೇಕು ಸರಿಮಾಡಿಸಿ, ಎಂಜಿನ್ ಆಯಿಲನ್ನು ಬದಲಾಯಿಸಿಕೊಂಡು ಬಂದರು. ಮರುದಿನ ಬೆಳಗ್ಗೆ ಅಂಗಳದಲ್ಲಿ ಅಂಗೈಯಗಲದ ಆಯಿಲ್ ಕಲೆ ಕಂಡಿತು. ಬಗ್ಗಿ ನೋಡಲು, ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ ಒಂದು ಪಕ್ಕದಲ್ಲಿ ನೆಗ್ಗಿತ್ತು.

“ಚೆನ್ನಾಗಿದ್ದ ಗಾಡಿಯನ್ನು ಬಿಟ್ಟುಹೋದೆ, ಮೇಸ್ತ್ರಿ. ನಿಮ್ಮ ಹುಡುಗ ಜಾಕನ್ನು ಎಲ್ಲಿಗೆ ಕೊಟ್ಟು ಎತ್ತಿದ?”

“ನಿಮ್ಮ ಹೊಗೆಸೊಪ್ಪಿನ ಬ್ಯಾರನ್ನಿಗೆ ಹೋಗುವ ದಾರಿ ನನಗೆ ಗೊತ್ತಿಲ್ಲವೆ ಸ್ವಾಮಿ? ಅಲ್ಲಿಯ ಕಲ್ಲು ಹೊಡೆದಿರಬೇಕು.”

ವಿಚಿತ್ರವೆಂದರೆ, ಬಿಡುವ ಮೊದಲು ಗೃಹಸ್ಥರು ತಳವನ್ನು ನೋಡಿರಲಿಲ್ಲ. ಪಡೆದುಕೊಳ್ಳುವಾಗ ಮೇಸ್ತ್ರಿಯೂ ನೋಡಿರಲಿಲ್ಲ. ಆದರೂ ಇಬ್ಬರೂ ಕಣ್ಣಾರೆ ಕಂಡವರಂತೆ ಮಾತನಾಡಿದರು. ಮಾತು ಬೆಳೆದಂತೆ ಮೇಸ್ತ್ರಿ ಕೆಲಸ ಕಲಿಯುತ್ತಿದ್ದ ಹುಡುಗನ ಕಡೆ ತಿರುಗಿ, “ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ” ಎಂದನು. ಹುಡುಗನು ತಲೆ ತಗ್ಗಿಸಿ ನಿಂತನು. ಹತ್ತು ವರ್ಷದ ಬಳಕೆಯ ಸ್ನೇಹ ಒಂದು ಗಳಿಗೆಯಲ್ಲಿ ಮುರಿಯುವುದರಲ್ಲಿತ್ತು.

ಇಂತಹ ವ್ಯಾಜ್ಯ ಹೊಸದಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ‘ನಿಕ್ಷೇಪ’ವೂ ಒಂದು. 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಕಲಮು ಹೇಳುವುದೂ ಇದನ್ನೇ: ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿಗೆ ವಹಿಸುವ ಎಚ್ಚರವನ್ನು, ಒಪ್ಪಿಸಿಕೊಂಡವನು ಪರರ ವಸ್ತುವಿಗೂ ವಹಿಸಬೇಕು. ಒಪ್ಪಿಸುವಾಗ ಸರಿಯಾಗಿದ್ದ ವಸ್ತು ಕೆಟ್ಟು ಮರಳಿತೆಂದು ಒಡೆಯನು ತೋರಿಸಿದರೆ, ತಾನು ಎಚ್ಚರ ತಪ್ಪಲಿಲ್ಲವೆಂದು ತೋರಿಸುವ ಹೊಣೆ ಪಡೆದವನದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಲೂಬಹುದು. ಆದರೆ ‘ಸರಿಯಾಗಿದ್ದಿತು’ ಎಂಬ ಮೊದಲ ಮಾತಿಗೇ ಸಾಕ್ಷಿ ಬೇಕಲ್ಲವೆ? ಗೃಹಸ್ಥರ ಬಳಿ ಅದಿರಲಿಲ್ಲ.

ಹುಡುಗನ ಮುಖವನ್ನು ನೋಡಿ ಅವರ ಕೋಪ ಸ್ವಲ್ಪ ತಗ್ಗಿತು. “ಸಂಬಳದ ಮಾತು ಆಮೇಲೆ. ಮೊದಲು ಗಾಡಿಯನ್ನೆತ್ತಿ ನೋಡೋಣ” ಎಂದರು.

ಲೋಹಕ್ಕೂ ಸಾಕ್ಷಿ ಹೇಳುವ ಶಕ್ತಿಯುಂಟು. ಓಡುವ ಗಾಡಿಗೆ ಕಲ್ಲು ತಗಲಿದರೆ ಗೀರು ಮುಂದಿನಿಂದ ಹಿಂದಕ್ಕೆ ಎಳೆಯುತ್ತದೆ; ಜಾಕಿನ ತಲೆ ಒತ್ತಿದರೆ ಒಂದೇ ಕಡೆ ಕುಳಿ ಬೀಳುತ್ತದೆ. ಹೊಸ ಗಾಯ ಹೊಳೆಯುತ್ತದೆ. ಹಳೆಯದಕ್ಕೆ ತುಕ್ಕು ಹಿಡಿದಿರುತ್ತದೆ. ಕೆಳಗೆ ನುಸುಳಿದ ಹುಡುಗನು ಬಟ್ಟೆಯಿಂದ ಒರಸಿ, “ಅಣ್ಣಾ, ಗೀರಿನೊಳಗೆ ತುಕ್ಕಿದೆ. ಆಯಿಲ್ ಇಲ್ಲಿಂದ ಬರುತ್ತಿಲ್ಲ, ಬೋಲ್ಟಿನಿಂದ” ಎಂದನು. ಆಯಿಲ್ ಇಳಿಸುವ ಬೋಲ್ಟಿಗೆ ಹಳೆಯ ವಾಷರನ್ನೇ ಹಾಕಿ ಬಿಗಿದಿದ್ದರು. ಬಿಗಿದವನು ಹುಡುಗನಲ್ಲ, ಸ್ವತಃ ಮೇಸ್ತ್ರಿ.

ಹೀಗೆ ಒಂದೇ ಎಂದು ತಿಳಿದಿದ್ದ ತಪ್ಪು ಎರಡಾಯಿತು. ನೆಗ್ಗು ಬ್ಯಾರನ್ನಿನ ದಾರಿಯದು, ಒಡೆಯರ ಪಾಲಿನದು, ಸೋರಿಕೆ ಗ್ಯಾರೇಜಿನದು. ಮೇಸ್ತ್ರಿ ಹೊಸ ವಾಷರು ಹಾಕಿ, ಇಳಿದಷ್ಟು ಆಯಿಲನ್ನು ತನ್ನ ಖರ್ಚಿನಲ್ಲಿ ತುಂಬಿದನು. ಸಂಬಳದ ಮಾತನ್ನು ಮತ್ತೆ ಎತ್ತಲಿಲ್ಲ. ಗೃಹಸ್ಥರು ಹೊರಡುವಾಗ ಹುಡುಗನನ್ನು ಕರೆದು, “ನಿನ್ನನ್ನು ಸುಮ್ಮನೆ ಅಂದೆ, ಮನಸ್ಸಿನಲ್ಲಿಡಬೇಡಪ್ಪ” ಎಂದರು.

ನಂಬಿಕೆಯಿರುವಲ್ಲಿ ಬರವಣಿಗೆಯೇಕೆ ಎಂದು ನಮ್ಮವರು ಸಂಕೋಚಪಡುವುದುಂಟು. ಬಿಡುವಾಗ ಇಬ್ಬರೂ ಕೂಡಿ ಗಾಡಿಯನ್ನು ಸುತ್ತಿ ನೋಡಿ, ಇದ್ದ ಗೀರನ್ನೂ ನೆಗ್ಗನ್ನೂ ಚೀಟಿಯಲ್ಲಿ ಬರೆದು ರುಜು ಹಾಕುವುದು ಅಪನಂಬಿಕೆಯಲ್ಲ. ನಂಬಿಕೆಗೆ ಕಟ್ಟಿದ ಬೇಲಿ. ಅದು ಒಡೆಯನ ಹಣವನ್ನೂ ಕೆಲಸಗಾರನ ಮಾನವನ್ನೂ ಸಮನಾಗಿ ಕಾಯುತ್ತದೆ. ಈಗ ಆ ಗ್ಯಾರೇಜಿನಲ್ಲಿ ಅಂತಹದೊಂದು ಪುಸ್ತಕವಿದೆ. ಅದನ್ನು ಬರೆಯುವವನು ಆ ಹುಡುಗನೇ.