ಒಬ್ಬಳನ್ನೇ ಕೂರಿಸಿ ಕೇಳಿದ ಮಾತು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನನ್ನ ಉದ್ಯೋಗದ ಅನುಭವದಿಂದ ಏನನ್ನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಕಾಗದ ಬರೆದಿದ್ದರು. ಅದನ್ನೋದಿ ಮೊದಲು ಹಿಂಜರಿದೆನು. ನನ್ನ ಸಂಗಡ ಓದಿದವರಲ್ಲಿ ಉಪಾಧ್ಯಾಯಿನಿಯರಾದವರುಂಟು, ದಾದಿಯರಾದವರುಂಟು, ತುಂಬಿದ ಸಂಸಾರವನ್ನು ಸಾಗಿಸಿದವರುಂಟು. ಅವರ ಕೆಲಸವು ಇಂಥದೆಂದು ಒಂದು ಮಾತಿನಲ್ಲಿ ಹೇಳಬಹುದು. ನನ್ನ ಕೆಲಸವನ್ನು ಹಾಗೆ ಹೇಳಲು ಬಾರದು. ನಾನು ಔಷಧವನ್ನು ಕೊಡುವವಳಲ್ಲ, ಶಸ್ತ್ರವನ್ನು ಹಿಡಿಯುವವಳೂ ಅಲ್ಲ. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹಕ್ಕೆ ಕಸಿ ಮಾಡುವುದಕ್ಕೆ ಮೊದಲು, ಕೊಡುವವರನ್ನೂ ಅವರ ಮನೆಯವರನ್ನೂ ಕಂಡು, ಕಾನೂನು ಕೇಳೆಂದು ವಿಧಿಸಿರುವ ಪ್ರಶ್ನೆಗಳನ್ನು ಕೇಳುವವಳು. ಕೇಳುವುದೇ ನನ್ನ ಉದ್ಯೋಗ.

ನಾವು ಶಾಲೆಯಲ್ಲಿದ್ದಾಗ ವೈಟ್‌ಫೀಲ್ಡ್ ಎಂದರೆ ತೋಟದ ಬಂಗಲೆಗಳ ಸದ್ದಿಲ್ಲದ ಊರು. ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದಾಗ ಕೋನಪ್ಪನ ಅಗ್ರಹಾರ, ದೊಡ್ಡತೊಗೂರುಗಳು ಬರಿಯ ಹಳ್ಳಿಗಳಾಗಿದ್ದವು. ಈಗ ಆ ಎರಡು ದಿಕ್ಕುಗಳಲ್ಲಿಯೂ, ಪೀಣ್ಯದ ಕಡೆಯಲ್ಲಿಯೂ, ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದಿವೆ. 2025ನೆಯ ಇಸವಿ ಆಗಸ್ಟ್ 1ನೆಯ ತಾರೀಖಿನ ರಾತ್ರಿ ವೈಟ್‌ಫೀಲ್ಡಿನ ಒಂದು ಆಸ್ಪತ್ರೆಯಿಂದ ಮನುಷ್ಯನ ಯಕೃತ್ತೊಂದನ್ನು ನಮ್ಮ ಮೆಟ್ರೋ ರೈಲಿನಲ್ಲಿ ರಾಜರಾಜೇಶ್ವರಿ ನಗರಕ್ಕೆ ಸಾಗಿಸಿದರು. ಹಾಗೆ ಸಾಗಿಸಿದ್ದು ಬೆಂಗಳೂರಿನಲ್ಲಿ ಅದೇ ಮೊದಲು. ಪತ್ರಿಕೆಗಳಲ್ಲಿ ಬಂದ ಚಿತ್ರವನ್ನು ಕಂಡು ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆನು. ಆದರೆ ನನ್ನ ಮನಸ್ಸು ರೈಲಿನ ಹಿಂದೆ ಹೋಗದೆ, ರೈಲು ಹೊರಡುವುದಕ್ಕೆ ಮುಂಚೆ ಯಾವುದೋ ಕೋಣೆಯಲ್ಲಿ ನಡೆದಿರಬೇಕಾದ ಮಾತುಕತೆಯ ಕಡೆಗೆ ಹೋಯಿತು. ಅಲ್ಲಿ ಯಾರೋ ಯಾರನ್ನೋ ಕೇಳಿದ್ದರು. ದುಃಖದಲ್ಲಿದ್ದ ಒಂದು ಕುಟುಂಬವು ಆಗಲೆಂದಿತ್ತು.

ಹೀಗೆ ಕೇಳಬೇಕೆಂಬ ನಿಯಮವು ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಬೆಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ಬಡವರ ಮೂತ್ರಪಿಂಡಗಳು ಹಣಕ್ಕೆ ಮಾರಾಟವಾಗುತ್ತಿದ್ದವು. ಸಾಲ ತೀರಿಸಲೆಂದು ಬಂದವರು ಮೈಮೇಲೆ ಗಾಯದ ಗೆರೆಯನ್ನು ಹೊತ್ತು, ಸಾಲವನ್ನೂ ಉಳಿಸಿಕೊಂಡು ಮನೆಗೆ ಮರಳುತ್ತಿದ್ದರು. ಇದನ್ನು ತಡೆಯಲು 1994ರಲ್ಲಿ ಮಾನವ ಅಂಗಾಂಗಗಳ ಕಸಿ ಕಾಯಿದೆಯು ಹುಟ್ಟಿತು. ಅಂಗಗಳ ವ್ಯಾಪಾರವು ಅಪರಾಧವಾಯಿತು. 2011ರ ತಿದ್ದುಪಡಿಯ ಮೇಲೆ ಅದಕ್ಕೆ ಐದರಿಂದ ಹತ್ತು ವರ್ಷಗಳ ಸೆರೆವಾಸವೂ, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ದಂಡವೂ ಉಂಟು. ಕಸಿ ನಡೆಸುವ ಪ್ರತಿಯೊಂದು ಆಸ್ಪತ್ರೆಯೂ ಸಂಯೋಜಕರೊಬ್ಬರನ್ನು ನೇಮಿಸಿಕೊಳ್ಳಬೇಕೆಂದು ಅದೇ ತಿದ್ದುಪಡಿಯು ವಿಧಿಸಿತು. ಆ ಹುದ್ದೆಗೆ ವೈದ್ಯರೂ ದಾದಿಯರೂ ಅರ್ಹರು. ಇತರ ಪದವೀಧರರಲ್ಲಿ ಸಮಾಜಕಾರ್ಯವೇ ಮೊದಲಾದ ಶಾಸ್ತ್ರಗಳನ್ನು ಸ್ನಾತಕೋತ್ತರ ತರಗತಿಯವರೆಗೆ ಓದಿದವರು ಮೇಲೆಂದು 2014ರ ನಿಯಮಗಳು ಹೇಳುತ್ತವೆ. ನನಗೆ ಈ ಕೆಲಸವು ದೊರೆತದ್ದು ಆ ಮಾತಿನ ಬಲದಿಂದಲೇ.

ಅದೇ ನಿಯಮಗಳಲ್ಲಿ ಇನ್ನೊಂದು ಚಿಕ್ಕ ವಾಕ್ಯವಿದೆ. ದಾನಿಯು ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರಿಕೆಯನ್ನು ವಹಿಸಬೇಕು; ಅವಳು ಇಂಥವಳೇ ಎಂಬುದನ್ನೂ, ಅವಳ ಸಮ್ಮತಿಯು ಸ್ವತಂತ್ರವಾದುದೆಂಬುದನ್ನೂ, ಅಂಗವನ್ನು ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು ಎಂಬುದು ಅದರ ತಾತ್ಪರ್ಯ. ಮೊದಲು ಇದನ್ನೋದಿದಾಗ ಹತ್ತರೊಡನೆ ಹನ್ನೊಂದನೆಯ ಕಾಗದವೆಂದು ಭಾವಿಸಿದೆನು. ಅದರ ಅರ್ಥವನ್ನು ನನಗೆ ಕಲಿಸಿದವಳು ಪೀಣ್ಯದ ಒಬ್ಬ ಹೆಂಗಸು.

2016ರಲ್ಲಿ ನಡೆದ ಸಂಗತಿ. ಅವಳ ಗಂಡನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದನು. ಎರಡು ಮೂತ್ರಪಿಂಡಗಳೂ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದನು. ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವಳು; ಇಬ್ಬರು ಮಕ್ಕಳ ತಾಯಿ. ಅತ್ತೆ, ಮೈದುನ, ಗಂಡ ಎಲ್ಲರೂ ಕೂಡಿ ಅವಳನ್ನು ಕರೆತಂದರು. ರಕ್ತವು ಹೊಂದಿಕೆಯಾಗಿತ್ತು. ಮದುವೆಯ ಪತ್ರ, ಪಡಿತರ ಚೀಟಿ, ಫೋಟೋಗಳು ಎಲ್ಲವೂ ಕ್ರಮವಾಗಿದ್ದವು. ನಾನು ಎಲ್ಲರ ಎದುರಿಗೇ, “ಕೊಡಲು ನಿನಗೆ ಮನಸ್ಸಿದೆಯೇನಮ್ಮಾ?” ಎಂದೆನು. ಅವಳು ತಲೆ ಬಗ್ಗಿಸಿ, “ಹೂಂ” ಎಂದಳು. “ಅವಳೇ ಮುಂದೆ ಬಂದಿದ್ದಾಳೆ ಮೇಡಂ, ನಾವು ಬಲವಂತ ಮಾಡಿಲ್ಲ” ಎಂದು ಅತ್ತೆಯವರು ಹೇಳಿದರು. ಅತ್ತೆಯವರು ಅಂಗವನ್ನು ಪಡೆಯುವವರಲ್ಲವಷ್ಟೆ! ನಿಯಮದ ಅಕ್ಷರವು ಅಲ್ಲಿಗೆ ಪೂರೈಸಿತು. “ಸಮ್ಮತಿ ಉಂಟು” ಎಂದು ಕಡತದಲ್ಲಿ ಬರೆದು ಮನೆಗೆ ಹೋದೆನು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಷ್ಟೋ ವರ್ಷಗಳ ಹಿಂದಿನ ಒಂದು ದಿನವು ನೆನಪಿಗೆ ಬಂದಿತು. ನಾವು ಎಂಟನೆಯ ತರಗತಿಯಲ್ಲಿದ್ದಾಗ ನನ್ನ ಬೆಂಚಿನ ಹುಡುಗಿಯೊಬ್ಬಳನ್ನು ಶಾಲೆ ಬಿಡಿಸಬೇಕೆಂದು ಅವಳ ತಂದೆ ಬಂದಿದ್ದರು. “ಅವಳಿಗೂ ಓದು ಬೇಡವಂತೆ” ಎಂದು ಅವರು ಹೇಳಿದಾಗ ನಮ್ಮ ಹೆಡ್‌ಮಿಸ್ಟ್ರೆಸ್ ಅಮ್ಮನವರು ವಾದಿಸಲಿಲ್ಲ. ತಂದೆಯನ್ನು ಮರ್ಯಾದೆಯಿಂದ ವರಾಂಡದಲ್ಲಿ ಕೂರಿಸಿ, ಕುಡಿಯಲು ನೀರು ಕೊಡಿಸಿ, ಹುಡುಗಿಯೊಬ್ಬಳನ್ನೇ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಒಳಗೆ ಏನು ಮಾತಾಯಿತೋ ನಮಗಾರಿಗೂ ತಿಳಿಯದು. ಆ ತಿಂಗಳ ಕೊನೆಗೆ ಅವಳು ಶಾಲೆ ಬಿಟ್ಟಳು. ಆದರೆ ಪುಸ್ತಕಗಳನ್ನು ಕಟ್ಟಿಕೊಳ್ಳುವಾಗ, “ಅಮ್ಮನವರು ನನ್ನನ್ನು ಕೇಳಿದರು ಕಣೇ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬಹುಮಾನ ಬಂದಿತೆಂದು ಹೇಳುವವಳ ಧ್ವನಿ ಅದು.

ಮರುದಿನ ನಾನು ಆ ಹೆಂಗಸಿಗೆ ಹೇಳಿಕಳುಹಿಸಿದೆನು. ಮನೆಯವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಮೇಜಿನ ಆಚೆ ಕೂರದೆ ಅವಳ ಮಗ್ಗುಲಲ್ಲಿಯೇ ಕುಳಿತೆನು. “ನಿನ್ನೆ ಎಲ್ಲರ ಮುಂದೆ ಕೇಳಿದ್ದು ನನ್ನ ತಪ್ಪಮ್ಮಾ. ಇವತ್ತು ನಿನ್ನೊಬ್ಬಳನ್ನೇ ಕೇಳುತ್ತೇನೆ. ಹೂಂ ಅಂದರೂ ಸರಿ, ಊಹೂಂ ಅಂದರೂ ಸರಿ” ಎಂದೆನು.

ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಕಡೆಗೆ, “ಅತ್ತೆ ತಾವೇ ಕೊಡುತ್ತೇನೆಂದರು ಅಕ್ಕಾ, ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಬೇಡವೆಂದರು. ಮೈದುನನನ್ನು ಯಾರೂ ಕೇಳಲೇ ಇಲ್ಲ. ನನ್ನನ್ನೂ ಕೇಳಲಿಲ್ಲ, ಪರೀಕ್ಷೆಗೆ ಬಾ ಎಂದರು, ಬಂದೆ” ಎಂದಳು. ಆಮೇಲೆ ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಒಂದೇ ಮೂತ್ರಪಿಂಡ ಇಟ್ಟುಕೊಂಡು ದಿನವೆಲ್ಲ ಮೆಷೀನಿನ ಮುಂದೆ ಕೂರಬಹುದೇ? ರಜೆಯ ದಿನಗಳಿಗೆ ಸಂಬಳ ಕೊಡುವರೇ? ಇಬ್ಬರೂ ಹಾಸಿಗೆ ಹಿಡಿದರೆ ಮಕ್ಕಳಿಗೆ ಅನ್ನ ಬೇಯಿಸುವವರಾರು? ಬೇಡವೆಂದರೆ ಆ ಮನೆಯಲ್ಲಿ ತಾನು ಇರಲಾದೀತೇ? ದಾನಿಗೆ ಆಗಬಹುದಾದ ಪರಿಣಾಮಗಳನ್ನೂ ಅಪಾಯಗಳನ್ನೂ ಮೊದಲೇ ವಿವರಿಸಿ ಹೇಳಬೇಕೆಂದು ಕಾಯಿದೆಯು ವಿಧಿಸಿದೆ. ಆದರೆ ಅವಳ ಈ ಪ್ರಶ್ನೆಗಳಿಗೆ ಅದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ವೈದ್ಯರನ್ನು ಕರೆಸಿದೆನು. ಆರೋಗ್ಯವಂತರು ಒಂದು ಮೂತ್ರಪಿಂಡದಿಂದ ಬಾಳಬಹುದು, ಆದರೆ ಶಸ್ತ್ರಚಿಕಿತ್ಸೆಯಲ್ಲಿ ಅಪಾಯವು ಇಲ್ಲವೇ ಇಲ್ಲವೆನ್ನಲಾಗದು, ಬದುಕಿರುವವರೆಗೂ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಅವರು ಸಮಾಧಾನದಿಂದ ತಿಳಿಸಿದರು. ಎರಡು ವಾರ ಯೋಚಿಸೆಂದು ನಾನು ಹೇಳಿ ಕಳುಹಿಸಿದೆನು. ಎರಡು ವಾರದ ಮೇಲೆ ಬಂದು, ನಿಂತೇ ಇದ್ದು, “ನನ್ನಿಂದಾಗದು ಅಕ್ಕಾ” ಎಂದಳು.

ಅವಳನ್ನು ದಾನಿಯೆಂದು ಅಂಗೀಕರಿಸಲಾಗಲಿಲ್ಲವೆಂದು ಮಾತ್ರ ಮನೆಯವರಿಗೆ ತಿಳಿಸಿದೆವು, ಕಾರಣವನ್ನು ಹೇಳಲಿಲ್ಲ. ಮೈದುನನನ್ನು ವಿಚಾರಿಸಿದಾಗ ಅವನು ಪರೀಕ್ಷೆಗೆ ಬರುವುದಾಗಿ ಹೇಳಿ ಬರಲಿಲ್ಲ. ಮೃತ ದಾನಿಗಳಿಂದ ಮೂತ್ರಪಿಂಡವನ್ನು ಪಡೆಯುವವರ ಸರದಿಯ ಪಟ್ಟಿಯಲ್ಲಿ ಗಂಡನ ಹೆಸರನ್ನು ಬರೆಸಿದೆವು. ನಮ್ಮ ರಾಜ್ಯದಲ್ಲಿ ಈಗ ಆ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ. ಪಟ್ಟಿ ಉದ್ದ, ದಾನಿಗಳು ಕಡಿಮೆ. ಒಂದು ವರ್ಷದ ಮೇಲೆ ಕೆಲವು ತಿಂಗಳು ಕಾದು, ಸರದಿ ಬರುವ ಮೊದಲೇ ಆತನು ತೀರಿಕೊಂಡನು.

ಅತ್ತೆಯವರು ಒಂದು ದಿನ ನನ್ನ ಕೋಣೆಗೆ ಬಂದರು. “ಬಾಗಿಲು ಹಾಕಿಕೊಂಡು ಅವಳಿಗೆ ಏನು ಹೇಳಿಕೊಟ್ಟಿರಿ? ನಿಮ್ಮ ಕಾನೂನು ನನ್ನ ಮಗನನ್ನು ತಿಂದುಬಿಟ್ಟಿತು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತನ್ನದನ್ನು ಕೊಡಲು ಸಿದ್ಧಳಾಗಿದ್ದು ಕೊಡಲಾರದೆ ಹೋದ ತಾಯಿ ಅವರು. ಅವರ ಕೋಪವು ಅನ್ಯಾಯವೆಂದು ನಾನು ಇಂದಿಗೂ ಹೇಳಲಾರೆನು. ಮೊದಲ ದಿನದ ‘ಹೂಂ’ ಎಂಬುದನ್ನೇ ನಂಬಿ ಸುಮ್ಮನಿದ್ದಿದ್ದರೆ ಒಂದು ಜೀವವು ಉಳಿಯುತ್ತಿತ್ತೇನೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಮುಂದೆ ಆರು ತಿಂಗಳಿಗೆ ಆ ಹೆಂಗಸೇ ಬಂದಳು. ವಿಧವಾ ವೇತನದ ಅರ್ಜಿಯನ್ನು ತುಂಬಿಕೊಡಬೇಕಾಗಿತ್ತು. ತುಂಬಿಕೊಟ್ಟೆನು. ಅವಳು ನನ್ನನ್ನು ವಂದಿಸಲೂ ಇಲ್ಲ, ದೂಷಿಸಲೂ ಇಲ್ಲ. ಏಳುವಾಗ ಮಾತ್ರ, “ಅವರು ಹೋದದ್ದು ನನ್ನ ಎದೆಯಲ್ಲಿ ಕಲ್ಲಾಗಿದೆ ಅಕ್ಕಾ. ಆದರೆ ಅವತ್ತು ಆಡಿದ್ದು ನನ್ನ ಮಾತೇ” ಎಂದಳು. ಕಲ್ಲನ್ನು ಇಳಿಸುವ ಶಕ್ತಿಯು ನನಗಿರಲಿಲ್ಲ. ಅವಳ ಮಾತನ್ನು ಅವಳಿಗೆ ಉಳಿಸಿಕೊಟ್ಟದ್ದು ಮಾತ್ರ ನಿಯಮದ ಆ ಚಿಕ್ಕ ವಾಕ್ಯ.

ಈ ವಾಕ್ಯವು ದಾನವನ್ನು ತಡೆಯುವುದಕ್ಕಾಗಿಯೇ ಇದೆಯೆಂದು ಯಾರೂ ತಿಳಿಯಬಾರದು. ಕೆಲವು ತಿಂಗಳ ಮೇಲೆ ವರ್ತೂರಿನ ಕಡೆಯ ಸೊಪ್ಪು ಬೆಳೆಯುವ ಮನೆತನದ ತಾಯಿಯೊಬ್ಬರು ಮಗನಿಗೆ ಮೂತ್ರಪಿಂಡ ಕೊಡಲು ಬಂದರು. ಅವರನ್ನೂ ಹಾಗೆಯೇ ಒಂಟಿಯಾಗಿ ಕೂರಿಸಿ ಕೇಳಿದೆನು. ಅವರಿಗೆ ಸಿಟ್ಟು ಬಂದಿತು. “ಹೆತ್ತವಳನ್ನು ಕೇಳುವ ಮಾತೇ ತಾಯಿ ಇದು?” ಎಂದರು. ಆಮೇಲೆ ನಕ್ಕು, “ಕೇಳಿದ್ದು ಒಳ್ಳೆಯದೇ ಆಯಿತು. ಎಲ್ಲರೂ ನನ್ನ ಪರವಾಗಿ ತಾವೇ ಹೇಳುತ್ತಿದ್ದರು” ಎಂದರು. ಬೇಡವೆನ್ನಲು ಬಾಗಿಲು ತೆರೆದಿರುವ ಕಡೆಯಲ್ಲಿ ಆಡಿದ ‘ಹೂಂ’ ಎಂಬುದಕ್ಕೇ ಬೆಲೆ. ಆ ತಾಯಿಯೂ ಮಗನೂ ಈಗ ಚೆನ್ನಾಗಿದ್ದಾರೆ.

ಹೆಂಗಸರ ವಿಷಯದಲ್ಲಿ ಈ ವಿಶೇಷ ಎಚ್ಚರಿಕೆಯು ಏತಕ್ಕೆಂದು ಕೆಲವರು ಕೇಳುವರು. ಅದಕ್ಕೆ ಲೆಕ್ಕವೇ ಉತ್ತರ. 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ 29,000ಕ್ಕೂ ಮಿಕ್ಕಿದವು ಗಂಡಸರಿಗೆ ಆದವು. ಹೆಂಗಸರಿಗೆ ಆದವು 6,945 ಮಾತ್ರ. ಬದುಕಿರುವಾಗಲೇ ಅಂಗವನ್ನು ಕೊಡುವವರಲ್ಲಿಯಾದರೋ ಹೆಂಗಸರೇ ಹೆಚ್ಚು. ಸರದಿಯಲ್ಲಿ ಕಾದಿರುವ ಹೆಂಗಸರಿಗೆ ಆದ್ಯತೆ ಇರಲೆಂದು 2025ರಲ್ಲಿ ರಾಷ್ಟ್ರೀಯ ಸಂಸ್ಥೆಯು ರಾಜ್ಯಗಳಿಗೆ ಸೂಚಿಸಿತು, ಒಳ್ಳೆಯದು. ಆದರೆ ಮನೆಯೊಳಗಿನ ತಕ್ಕಡಿಯನ್ನು ಸರಿಮಾಡಬೇಕಾದವರು ಮನೆಯವರೇ.

ಮರಣದ ಸಮಯದಲ್ಲಿಯೂ ಕೇಳುವ ಕರ್ತವ್ಯವನ್ನು ಕಾನೂನು ವಿಧಿಸಿದೆ. ಎಲೆಕ್ಟ್ರಾನಿಕ್ ಸಿಟಿಯ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಬಂದ ಎಳೆಯರ ತಾಯ್ತಂದೆಗಳ ಎದುರಿಗೆ ನಾನು ಕುಳಿತಿದ್ದೇನೆ. ನಾಲ್ವರು ವೈದ್ಯರ ಮಂಡಲಿಯು ಆರು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮೆದುಳಿನ ಕಾಂಡವು ಸತ್ತಿದೆಯೆಂದು ಬರೆದುಕೊಟ್ಟಲ್ಲದೆ ಅಂಗಗಳನ್ನು ತೆಗೆಯುವಂತಿಲ್ಲ. ಆ ಹೊತ್ತಿನಲ್ಲಿ, “ನಿಮ್ಮ ಮಗನು ಇದರ ವಿಷಯ ಎಂದಾದರೂ ಮಾತಾಡಿದ್ದನೇ?” ಎಂದು ಕೇಳಿದಾಗ, ಹೆಚ್ಚಿನವರು, “ಮನೆಯಲ್ಲಿ ಆ ಮಾತೇ ಬಂದಿರಲಿಲ್ಲ” ಎನ್ನುವರು. ಪೀಣ್ಯದ ಆ ಮನುಷ್ಯನ ಸರದಿ ಏಕೆ ಬರಲಿಲ್ಲವೆಂಬುದಕ್ಕೆ ಒಂದು ಉತ್ತರವು ಈ ಮಾತಿನಲ್ಲಿದೆ.

ಆದುದರಿಂದ ಅಕ್ಕತಂಗಿಯರೇ, ತಾಯ್ತಂದೆಗಳೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ಆರೋಗ್ಯವಾಗಿರುವಾಗಲೇ ಒಂದು ಸಂಜೆ ಎಲ್ಲರೂ ಕುಳಿತು ಈ ಮಾತನ್ನು ಆಡಿರಿ. ಮುಂದೆ ಎಂದಾದರೂ ನಿಮ್ಮ ಮನೆಯಲ್ಲಿ ಒಬ್ಬರಿಗೆ ಅಂಗವು ಬೇಕಾಗಿ ಬಂದರೆ, ಮಗಳನ್ನಾಗಲಿ ಸೊಸೆಯನ್ನಾಗಲಿ ಪರೀಕ್ಷೆಗೆ ಕರೆದೊಯ್ಯುವ ಮೊದಲು, ಮಗನನ್ನೂ ಅಳಿಯನನ್ನೂ ಕೇಳುವಂತೆಯೇ ಅವಳನ್ನೂ ಕೇಳಿರಿ. ಅವಳೊಬ್ಬಳನ್ನೇ ಕೂರಿಸಿ ಕೇಳಿರಿ. ಅವಳು ಏನೆಂದರೂ ಅವಳ ಮೇಲಿನ ಪ್ರೀತಿಯನ್ನು ಕಡಿಮೆ ಮಾಡಬೇಡಿರಿ.

ನನ್ನ ಕೋಣೆಯ ಬಾಗಿಲನ್ನು ಮುಚ್ಚುವಾಗಲೆಲ್ಲಾ ನಮ್ಮ ಶಾಲೆಯ ಆ ವರಾಂಡವೂ, ಅಲ್ಲಿ ನೀರಿನ ಲೋಟ ಹಿಡಿದು ಕುಳಿತಿದ್ದ ತಂದೆಯೂ, ಮುಚ್ಚಿದ ಬಾಗಿಲೂ ನನ್ನ ಕಣ್ಣಿಗೆ ಕಟ್ಟುತ್ತವೆ. ನಿಯಮವನ್ನು ಸರ್ಕಾರವು 2014ರಲ್ಲಿ ಬರೆಯಿತು. ಅದನ್ನು ನಡೆಸುವ ಬಗೆಯನ್ನು ನಾನು ಎಂಟನೆಯ ತರಗತಿಯಲ್ಲಿಯೇ ಕಂಡಿದ್ದೆನು.