ಗ್ಲೌಸಿಗಿಂತ ಮೊದಲು ಶೂ

ಬಾಕ್ಸಿಂಗ್ ಕಲೀತಿದೀನಿ ಅಂದ ತಕ್ಷಣ ಹಾಸ್ಟೆಲಲ್ಲಿ ಎಲ್ಲರೂ ನೋಡೋದು ನನ್ನ ಕೈ. "ಎಲ್ಲಿ ಮಗಾ, ಒಂದು ಪಂಚ್ ತೋರಿಸು" ಅಂತಾರೆ. ಕಾಲು ತೋರಿಸು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಆದರೆ ನಮ್ಮ ಕೋಚ್ ಸರ್ ಮೊದಲ ತಿಂಗಳು ಗ್ಲೌಸ್ ಮುಟ್ಟೋಕೇ ಬಿಡಲಿಲ್ಲ. ಬೆಳಿಗ್ಗೆ ಐದೂವರೆಗೆ ಓಟ, ಸಂಜೆ ಸ್ಕಿಪ್ಪಿಂಗ್, ಅಷ್ಟೇ. "ಪಂಚ್ ಹುಟ್ಟೋದು ನೆಲದಲ್ಲಿ ಕಣ್ರೋ" ಅನ್ನೋದು ಅವರ ಮಾತು. ಹಿಂಗಾಲು ನೆಲವನ್ನು ಒತ್ತುತ್ತದೆ, ನೆಲ ವಾಪಸ್ ಒತ್ತುತ್ತದೆ, ಆ ಬಲ ಸೊಂಟ, ಭುಜ ದಾಟಿ ಮುಷ್ಟಿಗೆ ಬರುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಗ್ರೌಂಡಲ್ಲಿ.

ಬಾಕ್ಸರ್‌ಗಳ ಓಟಕ್ಕೆ ರೋಡ್‌ವರ್ಕ್ ಅನ್ನೋ ಹಳೇ ಹೆಸರಿದೆ. ಅಮೆಚೂರ್ ಬೌಟ್ ಅಂದರೆ 3 ನಿಮಿಷದ 3 ರೌಂಡ್, ನಡುವೆ ಒಂದೊಂದು ನಿಮಿಷ ಬಿಡುವು. ಕೇಳೋಕೆ ಏನೂ ಅಲ್ಲ ಅನಿಸುತ್ತೆ. ಎರಡನೇ ರೌಂಡಿನ ಕೊನೆಗೆ ಉಸಿರು ಕೈಕೊಟ್ಟರೆ ಗಾರ್ಡ್ ತಾನಾಗೇ ಕೆಳಗಿಳಿಯುತ್ತೆ, ಮುಂದಿನದನ್ನು ಮುಖ ಅನುಭವಿಸುತ್ತೆ. ಅದಕ್ಕೇ ಓಟ.

ಈಗ ಒಂದು ಸಣ್ಣ ಲೆಕ್ಕ. 5 ಕಿ.ಮೀ. ಓಟ, 30 ನಿಮಿಷ, ನಿಮಿಷಕ್ಕೆ ಸುಮಾರು 160 ಹೆಜ್ಜೆ. ಒಟ್ಟು 4,800, ಒಂದು ಪಾದಕ್ಕೆ 2,400. ಓಡುವಾಗ ಪಾದದ ಮೇಲೆ ಬೀಳೋ ಬಲ ಮೈತೂಕದ ಎರಡರಿಂದ ಮೂರು ಪಟ್ಟು. ನನ್ನ ತೂಕ 60 ಕೆ.ಜಿ. ಅಂದರೆ ಪ್ರತಿ ಹೆಜ್ಜೆಗೂ 120ರಿಂದ 180 ಕೆ.ಜಿ. ಹೊರೆ, ಒಂದು ಬೆಳಿಗ್ಗೆಗೆ 2,400 ಸಲ. ಮೆಟೀರಿಯಲ್ಸ್ ಲ್ಯಾಬಲ್ಲಿ ಫಟೀಗ್ ಟೆಸ್ಟ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಹೊರೆಯೇ ಆದರೂ ಮತ್ತೆ ಮತ್ತೆ ಬಿದ್ದರೆ ಉಕ್ಕೂ ಬಿರುಕು ಬಿಡುತ್ತೆ. ವ್ಯತ್ಯಾಸ ಇಷ್ಟೇ: ಮೂಳೆಗೆ ರಿಪೇರಿ ಮಾಡ್ಕೊಳ್ಳೋ ಶಕ್ತಿ ಇದೆ, ನಾವು ಟೈಮ್ ಕೊಟ್ಟರೆ.

ಮೆಸ್ ರಿಬೇಟ್ ದುಡ್ಡೆಲ್ಲ ಸೇರಿಸಿ ನನ್ನ ಹತ್ತಿರ ಇದ್ದದ್ದು ಎರಡೂವರೆ ಸಾವಿರ. ಇಂಟರ್ ಕಾಲೇಜ್ ಟೂರ್ನಮೆಂಟಿಗೆ ಉಳಿದದ್ದು ಮೂರೂವರೆ ತಿಂಗಳು. ಹರಡಿನ ಮೇಲೆ ತನಕ ಲೇಸ್ ಇರೋ ಬಾಕ್ಸಿಂಗ್ ಶೂ ತಗೊಳ್ಳೋದಾ, ರನ್ನಿಂಗ್ ಶೂ ತಗೊಳ್ಳೋದಾ? ಮನಸ್ಸು ಮೊದಲನೇದರ ಮೇಲೇ ಇತ್ತು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ನೋಡಿ. ತಗೊಂಡಿದ್ದು ಎರಡನೇದು.

ಕಾರಣ ಇದೆ. ಎರಡೂ ಶೂ ಮಾಡೋ ಕೆಲಸವೇ ಬೇರೆ. ಬಾಕ್ಸಿಂಗ್ ಶೂ ಸೋಲ್ ತೆಳು, ಚಪ್ಪಟೆ. ಕಾಲಿಗೆ ನೆಲ ಗೊತ್ತಾಗಬೇಕು, ಮುಂಗಾಲ ಮೇಲೆ ಸಲೀಸಾಗಿ ತಿರುಗಬೇಕು ಅಂತ ಮಾಡಿದ್ದು. ಅದರಲ್ಲಿ ಟಾರು ರೋಡಿನ ಮೇಲೆ 5 ಕಿ.ಮೀ. ಓಡಿದರೆ ಮೆತ್ತೆ ಅನ್ನೋದೇ ಇಲ್ಲ. ರನ್ನಿಂಗ್ ಶೂ ಇದಕ್ಕೆ ಉಲ್ಟಾ. ದಪ್ಪ ಫೋಮ್, ಬಹಳಷ್ಟು ಮಾಡೆಲ್‌ಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರ, ಹಿಡಿತಕ್ಕೆ ಅಗಲವಾದ ತಳ. ಅದನ್ನ ಹಾಕ್ಕೊಂಡು ಹುಕ್ ಹೊಡೆಯೋಕೆ ತಿರುಗಿದರೆ ಸೋಲ್ ನೆಲ ಕಚ್ಚುತ್ತೆ, ಮೈ ಮಾತ್ರ ತಿರುಗುತ್ತೆ, ಆ ತಿರುಚು ಮಂಡಿಗೆ ಹೋಗುತ್ತೆ. ಹಾಗಾಗಿ ಒಂದೇ ಶೂನಲ್ಲಿ ಎರಡೂ ಕೆಲಸ ಬೇಡ. ಕಲಿಯೋರಿಗೆ ಜಿಮ್ ಒಳಗೆ ಚಪ್ಪಟೆ ತಳದ ಸಾದಾ ಕ್ಯಾನ್ವಾಸ್ ಶೂ ಸಾಕು. ಓಟಕ್ಕೆ ಮಾತ್ರ ದುಡ್ಡು ಹಾಕಿ.

ಅಂಗಡಿಗೆ ಸಂಜೆ ಹೋಗಿ, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತೆ. ಓಡುವಾಗ ಹಾಕೋ ಸಾಕ್ಸನ್ನೇ ಹಾಕ್ಕೊಂಡು ಹೋಗಿ. ಎದ್ದು ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಮಾತ್ರ ಎದ್ದು ಜಾರಬಾರದು. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುತ್ತೆ, ದೊಡ್ಡದಕ್ಕೆ ಹೊಂದೋ ಸೈಜ್ ತಗೊಳ್ಳಿ. ಒದ್ದೆ ಕಾಲಿನ ಗುರುತು ನೋಡಿ ಪಾದದ ಕಮಾನಿಗೆ ತಕ್ಕ ಶೂ ಕೊಡ್ತೀವಿ ಅನ್ನೋ ಪದ್ಧತಿ ಇದೆಯಲ್ಲ, ಅಮೆರಿಕದ ಸೇನಾ ತರಬೇತಿಯಲ್ಲಿ ಹಾಗೆ ಹಂಚಿ ನೋಡಿದ್ದಾರೆ. ಗಾಯಗಳೇನೂ ಹೇಳಿಕೊಳ್ಳೋ ಹಾಗೆ ಕಡಿಮೆ ಆಗಲಿಲ್ಲ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ. ಎಲ್ಲಿಯೂ ಒತ್ತದೆ, ಚುಚ್ಚದೆ ಹಿತವಾಗಿದ್ದರೆ ಅದೇ ನಿಮ್ಮ ಶೂ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್" ಅನ್ನೋ ಮಾತಿಗೆ ನಕ್ಕು ಬನ್ನಿ.

ಕರಾವಳಿಯಿಂದ ಬಂದ ನನ್ನ ರೂಂಮೇಟಿಗೆ ಇದೆಲ್ಲ ದೊಡ್ಡ ತಮಾಷೆ. "ಕಂಬಳದ ಶ್ರೀನಿವಾಸ ಗೌಡರು 2020ರಲ್ಲಿ 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದ್ರು ಮಾರಾಯ, ಬರಿಗಾಲಲ್ಲಿ. ನಿಂಗೆ ಫೋಮ್ ಬೇಕಾ?" ಅಂತಾನೆ. ನಿಜ. ಆದರೆ ಅವರ ಕಾಲ ಕೆಳಗೆ ನೀರು ತುಂಬಿದ ಕೆಸರುಗದ್ದೆ, ಎದುರಿಗೆ ಎಳೆಯೋ ಕೋಣಗಳು. ನನ್ನ ಕೆಳಗಿರೋದು ಹಾಸ್ಟೆಲ್ ರೋಡಿನ ಕಾಂಕ್ರೀಟು. ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನ ಬರಿಗಾಲಲ್ಲೇ ಗೆದ್ದರು, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಗೆದ್ದರು. ಪಾದ ಯಾವುದಕ್ಕೆ ಪಳಗಿದೆ, ಕೆಳಗೆ ಯಾವ ನೆಲ ಇದೆ ಅನ್ನೋದರ ಮೇಲೆ ನಿಂತ ವಿಷಯ ಇದು. ಚಿಕ್ಕಂದಿನಿಂದ ಸ್ಕೂಲ್ ಶೂನಲ್ಲೇ ಬೆಳೆದ ಪಾದ ಒಂದೇ ವಾರದಲ್ಲಿ ಬರಿಗಾಲಿಗೆ ಒಗ್ಗಲ್ಲ, ಮೀನಖಂಡ ಮೊದಲು ದೂರು ಕೊಡುತ್ತೆ.

ಒಳ್ಳೇ ಶೂ ಇದ್ದರೂ ಪಾದ ನೋಡ್ಕೋಬೇಕು. ಬೊಬ್ಬೆ ಬರೋದು ಉಜ್ಜಾಟ ಮತ್ತು ಒದ್ದೆ ಸೇರಿದಾಗ. ಕಾಟನ್ ಸಾಕ್ಸ್ ಬೆವರು ಹೀರಿ ಹಾಗೇ ಇಟ್ಕೊಳ್ಳುತ್ತೆ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರಕೆಯದು ವಾಸಿ. ಸಣ್ಣ ಬೊಬ್ಬೆ ಒಡೀಬೇಡಿ, ಮೇಲಿನ ಚರ್ಮವೇ ಅದರ ಬ್ಯಾಂಡೇಜ್. ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೊರೆದರೆ ಮಾಂಸದೊಳಗೆ ಬೆಳೆಯುತ್ತೆ. ಸ್ನಾನ ಆದಮೇಲೆ ಬೆರಳ ಸಂದಿ ಒರೆಸಿ. ಮಳೆಗಾಲದಲ್ಲಿ ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿಡಿ, ಇಲ್ಲದಿದ್ದರೆ ಶಿಲೀಂಧ್ರ ಸೇರಿ ಊರಲ್ಲಿ ಅನ್ನೋ ಕೆಸರುಹುಣ್ಣು ಗ್ಯಾರಂಟಿ. ಇದಿಷ್ಟೂ ಸಣ್ಣ ಬೊಬ್ಬೆಯ ಚಿಂತೆ ಅನ್ಕೋಬೇಡಿ. ಮುಂಗಾಲು ಉರಿಯುತ್ತಿದ್ದರೆ ನೀವು ಅದರ ಮೇಲೆ ಭಾರ ಹಾಕಲ್ಲ, ಹಿಮ್ಮಡಿ ಮೇಲೆ ನಿಲ್ತೀರಿ. ಹಿಮ್ಮಡಿ ಮೇಲೆ ನಿಂತ ಬಾಕ್ಸರ್ ಪಂಚಿಂಗ್ ಬ್ಯಾಗಿಗಿಂತ ಹೆಚ್ಚೇನಲ್ಲ.

ಒಂದು ನೋವನ್ನ ಮಾತ್ರ ಯಾವತ್ತೂ ಸಹಿಸ್ಕೋಬೇಡಿ. ಮಂಡಿ ಕೆಳಗಿನ ಮುಂದಿನ ಎಲುಬಲ್ಲೋ ಪಾದದಲ್ಲೋ ಒಂದೇ ಚುಕ್ಕೆಯಲ್ಲಿ, ಬೆರಳಿಟ್ಟರೆ ಚುರುಕ್ ಅನ್ನೋ ನೋವು, ದಿನದಿಂದ ದಿನಕ್ಕೆ ಹೆಚ್ಚಾಗ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಅದು ಮೂಳೆ ಬಿರುಕಿನ ಸೂಚನೆ ಇರಬಹುದು. ಬಿರುಕೇ ಆದರೆ ಆರೆಂಟು ವಾರ ಹೋಯ್ತು, ಟೂರ್ನಮೆಂಟೂ ಹೋಯ್ತು.

ಈ ಸಲ ಸೇರಿದ ಫಸ್ಟ್ ಇಯರ್ ಹುಡುಗನೊಬ್ಬ ಕೇಳಿದ, "ಅಣ್ಣಾ, ಶೂಗೆ ಈಗ ದುಡ್ಡಿಲ್ಲ, ಮುಂದಿನ ವರ್ಷ ಬರ್ಲಾ?" ಬೇಡ ಕಣಪ್ಪ, ನಾಳೆಯೇ ಬಾ ಅಂದೆ. ರೋಡ್ ಬಿಟ್ಟು ಮಣ್ಣಿನ ಗ್ರೌಂಡಲ್ಲಿ ಓಡು, ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸ್ಕಿಪ್ಪಿಂಗ್ ಮ್ಯಾಟ್ ಮೇಲೆ ಮಾಡು. ದೂರವನ್ನ ವಾರ ವಾರ ಚೂರುಚೂರೇ ಏರಿಸು. ಶೂ ಬರೋ ತನಕ ಕಾಲು ತಯಾರಾಗಿರುತ್ತೆ.

ನನ್ನ ಶೂ ನಾಲಿಗೆಯ ಒಳಗೆ ತಗೊಂಡ ತಾರೀಖು ಬರೆದಿದೀನಿ. ರನ್ನಿಂಗ್ ಶೂ ಆಯಸ್ಸು ಸುಮಾರು 500ರಿಂದ 800 ಕಿ.ಮೀ. ಅಂತಾರೆ, ಮೇಲೆ ಹೊಸದಾಗಿ ಕಂಡರೂ ಒಳಗಿನ ಫೋಮ್ ಸತ್ತಿರುತ್ತೆ. ವಾರಕ್ಕೆ 20ರ ಲೆಕ್ಕದಲ್ಲಿ ಈಗ 220 ಆಗಿದೆ. ಟೂರ್ನಮೆಂಟಿಗೆ ಇನ್ನು ಮೂರು ವಾರ. ಶೂನೂ ಬರುತ್ತೆ, ಕಾಲೂ ಬರುತ್ತೆ. ಇಂಟರ್ನಲ್ಸ್ ಡೇಟ್ ಅಡ್ಡ ಬರದಿದ್ದರೆ ಸಾಕು.