ಊರಿಂದ ಹೊತ್ತು ತಂದ ಕನ್ನಡಿ

ಲಂಡನ್ನಿಗೆ ಮಾಸ್ಟರ್ಸ್ ಮಾಡೋಕೆ ಹೋದ ಮೊದಲ ಮೂರು ತಿಂಗಳು ನಾನು ಪುಸ್ತಕಕ್ಕಿಂತ ಹೆಚ್ಚು ನೋಡಿದ್ದು ಕನ್ನಡಿಯನ್ನೇ. ಸೆಪ್ಟೆಂಬರಲ್ಲಿ ಚೆನ್ನಾಗಿದ್ದ ಕೂದಲು ನವೆಂಬರ್ ಹೊತ್ತಿಗೆ ತೆಂಗಿನ ನಾರಾಗಿತ್ತು. ತುಟಿ ಒಡೆದು, ಮುಖಕ್ಕೆ ಬೂದಿ ಬಳಿದ ಹಾಗೆ ಕಾಣ್ತಿತ್ತು. ಕ್ಲಾಸಲ್ಲಿ ಹೆಚ್ಚಿನವರು ಕಪ್ಪು, ಬೂದು ಕೋಟಿನಲ್ಲಿ. ನಾನು ಮಾತ್ರ ಮನೆಯವರು ಪ್ರೀತಿಯಿಂದ ಕೊಡಿಸಿದ ಕಡುಕೆಂಪು ಜಾಕೆಟ್‌ನಲ್ಲಿ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ವಾಸನೆಯದು. ಪುಟ್ಟ ಫ್ಲಾಟು, ಚಳಿಗೆ ಮುಚ್ಚಿದ ಕಿಟಕಿ. ಇಂಗು, ಬೆಳ್ಳುಳ್ಳಿಯ ಒಗ್ಗರಣೆ ಹಾಕಿದರೆ ಬಾಗಿಲ ಪಕ್ಕ ನೇತುಹಾಕಿದ ಜಾಕೆಟ್ ಅಷ್ಟನ್ನೂ ಹೀರಿಕೊಳ್ಳುತ್ತಿತ್ತು. ಟ್ಯೂಬ್ ರೈಲಲ್ಲಿ ಪಕ್ಕದವರು ಎದ್ದು ಹೋದರೆ, ಅವರ ಸ್ಟೇಷನ್ ಬಂತಾ ಅಥವಾ ನನ್ನ ವಾಸನೆಗಾ ಅಂತ ಯೋಚಿಸ್ತಾ ಕೂರ್ತಿದ್ದೆ. ಕ್ಲಾಸಿನವರು ಊಟಕ್ಕೆ ಕರೆದರೆ ಹೋಗೋ ಧೈರ್ಯ ಬರ್ತಿರಲಿಲ್ಲ.

ಫ್ಲಾಟಲ್ಲಿ ಜೊತೆಗಿದ್ದ ಧಾರವಾಡದ ಅಕ್ಕ ಒಂದಿನ ನನ್ನ ಬಾಚಣಿಗೆ ನೋಡಿ, “ಅದು ನಿನ್ನ ಕೂದಲದ್ದಲ್ಲ ಬಿಡವಾ, ಇಲ್ಲಿ ನೀರಿಂದು. ಕೆಟಲ್ ಒಳಗ ಒಮ್ಮೆ ನೋಡು” ಅಂದರು. ನೋಡಿದರೆ ತಳದಲ್ಲಿ ಬಿಳಿ ಸುಣ್ಣದ ಪದರ! ಲಂಡನ್ನಿನ ನೀರು ಅಷ್ಟು ಗಡಸು. ಚಳಿಗಾಳಿಯಲ್ಲಿ ತೇವ ಕಡಿಮೆ, ಹೀಟರ್ ಹಾಕಿದ ಕೋಣೆ ಇನ್ನೂ ಒಣ. ಚರ್ಮ ಒಡೆಯದೆ ಇನ್ನೇನಾಗುತ್ತೆ? ಡಿಸೆಂಬರಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗ್ತಾನೆ. ನಮ್ಮಂಥ ಕಂದು ಮೈಬಣ್ಣದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳೋದು ಒಳ್ಳೆಯದು ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಸಲಹೆ ಕೊಡುತ್ತೆ.

ಅಂದರೆ ಅರ್ಧ ಸಮಸ್ಯೆ ನನ್ನದಲ್ಲ, ಹವೆ, ನೀರಿನದು. ಅದಕ್ಕೆ ಉಪಾಯ ಇತ್ತು. ಸ್ನಾನ ಆದ ಕೂಡಲೇ, ಮೈ ಹಸಿ ಇರುವಾಗಲೇ ಕ್ರೀಮ್. ಅಡುಗೆಗೆ ಮುಂಚೆ ಜಾಕೆಟ್ ಬೀರುವಿನೊಳಗೆ. ಚಾರಿಟಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಒಂದು ಬೂದು ಕೋಟು.

ಇನ್ನರ್ಧ ಅಷ್ಟು ಸುಲಭ ಇರಲಿಲ್ಲ. ಕನ್ನಡಿ ಮುಂದೆ ನಿಂತಾಗ ಕೇಳಿಸ್ತಿದ್ದ ಮಾತು ಯಾವ ಇಂಗ್ಲಿಷಿನವರದ್ದೂ ಅಲ್ಲ. “ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ” ಅಂತ ನಮ್ಮೂರ ಮದುವೆಮನೆಗಳಲ್ಲಿ ಕೇಳಿಸಿಕೊಂಡಿದ್ದು. ಚಟ್ನಿಪುಡಿ ಜೊತೆ ಅದನ್ನೂ ಸೂಟ್‌ಕೇಸಲ್ಲಿ ತುಂಬಿಕೊಂಡು ಬಂದಿದ್ದೆ. ಪರದೇಶದಲ್ಲಿ ಬಣ್ಣಕ್ಕಾಗಿ ನಿಜವಾಗಿಯೂ ಮಾತು ಕೇಳಬೇಕಾದವರಿದ್ದಾರೆ, ಅವರ ನೋವು ಬೇರೆ. ನನ್ನ ವಿಷಯದಲ್ಲಿ ಮಾತ್ರ, ಅಲ್ಲಿನವರು ಬಾಯಿ ತೆರೆಯೋ ಮೊದಲೇ ಅವರ ಪರವಾಗಿ ನಾನೇ ಎಲ್ಲ ಅಂದುಕೊಂಡಾಗಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮುಜುಗರ ಆಗೋ ಚಿತ್ರವಿರುವ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಗಮನಿಸಿರ್ತಾರೆ ಅಂತ ಶರ್ಟ್ ಹಾಕಿದವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ಇದನ್ನು ಓದಿದ ಮೇಲೆ ಟ್ಯೂಬಲ್ಲಿ ಕತ್ತೆತ್ತಿ ನೋಡಿದೆ. ಬಹಳಷ್ಟು ಜನ ಅವರವರ ಫೋನ್‌ನಲ್ಲಿದ್ದರು.

ಜನವರಿಯಲ್ಲಿ ಕ್ಲಾಸಿನವರ ಊಟಕ್ಕೆ ಇಂಗು ಹಾಕಿದ ಚಿತ್ರಾನ್ನ ಮಾಡ್ಕೊಂಡು ಹೋದೆ. ಇಬ್ಬರು ಎರಡನೇ ಸಲ ಹಾಕಿಸಿಕೊಂಡರು, ಒಬ್ಬ ಖಾರ ಅಂತ ಅರ್ಧಕ್ಕೇ ಬಿಟ್ಟ. ವಾಸನೆ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕಡಲೆಬೇಳೆ ಯಾಕೆ ಇಷ್ಟು ಗರಿಗರಿ ಅಂತ ಕೇಳಿದರು.